ಎಪ್ಪತ್ನಾಲ್ಕು ಕಿಲೋ ಗಂಡಸು

ಅಸ್ಮರಾದ ಮೆದೆಬರ್ ಸಂತೆಯಲ್ಲಿ,
ಹಳೆ ಡಬ್ಬಿ ಬಡಿದು ಒಲೆ ಮಾಡುವವರ ಸಾಲಿನಲ್ಲಿ
ಸಿಕ್ಕಿತು ನಮಗೆ ಈ ಮೀಟರು.
ಗಾಜಿಗೆ ಸೀಳು. ಎದೆಪಟ್ಟಿಗೆ ಯಾರದೋ ಬೆವರಿನ ವಾಸನೆ.
ಒಳಗೆ ಮೊದಲೇ ಒಬ್ಬ ಕೂತಿದ್ದ:
ಗಂಡು, ಮೂವತ್ತೈದು ವರ್ಷ, ಎಪ್ಪತ್ನಾಲ್ಕು ಕಿಲೋ.
ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಸೋತಿತು,
ಅವನು ಏಳಲಿಲ್ಲ.
ಇರಲಿ ಬಿಡು, ಅಂದಳು ನಾದಿನಿ ಅಕ್ಬರೆತ್,
ಊಟ ಕೇಳದಿದ್ದರೆ ಸಾಕು.

ಸೈಕಲ್ಲೂ ಒಂದೇ.
ಮಂಗಳವಾರ, ಶುಕ್ರವಾರ ಅವಳದು. ಗುರುವಾರ ನನ್ನದು.
ಭಾನುವಾರ ಚರ್ಚಿನಿಂದ ಬಂದು
ಯಾರು ಮೊದಲು ಬಿಳಿ ನೆಟೆಲಾ ಮಡಚಿಟ್ಟರೋ ಅವರದು.
ಸೀಟಿನ ಕಂಬಕ್ಕೆ ಉಗುರುಬಣ್ಣದ ಎರಡು ಗೀಟು:
ಕೆಂಪು, ಅವಳ ಉದ್ದ ಕಾಲಿಗೆ;
ಗುಲಾಬಿ, ನನಗೆ.

ಅರ್ಬರೋಬಕ್ಕೆ ಹೋಗುವಾಗ ಬರೀ ಇಳಿಜಾರು,
ಧಾರಾಳಿ ಸಾಹುಕಾರನ ಹಾಗೆ ಕೊಟ್ಟದ್ದೇ ಕೊಟ್ಟದ್ದು.
ಅಲ್ಲಿ ಕಳ್ಳಿಹಣ್ಣು ಮಾರುವ ಹುಡುಗನ ಹತ್ತಿರ ತಿರುಗಿದಿರೋ
ಬಡ್ಡಿ ಸಮೇತ ವಸೂಲಿ ಶುರು.
ಬೆನ್ನ ಹಿಂದೆ ಸಮುದ್ರದ ಮಂಜು ಏರಿ ಬರುತ್ತದೆ,
ಪಕ್ಕದಲ್ಲಿ ಇಟಲಿಯವರು ಹಾಕಿದ ಹಳಿ,
ಹಳಿಯ ಮೇಲೆ ಕಪಿಗಳು,
ಮದುವೆಮನೆಯಲ್ಲಿ ಊಟಕ್ಕೆ ಕಾದವರ ಹಾಗೆ ಸಾಲಾಗಿ.

ಮೊದಲ ತಿಂಗಳು ನಾಲ್ಕು ಕಡೆ ಇಳಿದು ತಳ್ಳಿದೆ.
ಎರಡನೇ ತಿಂಗಳು ಎರಡು ಕಡೆ.
ಮೂರನೇ ತಿಂಗಳು ನಿಂತದ್ದು ನೀರಿಗೆ ಮಾತ್ರ.
ಸುಳ್ಳು. ಬಾಯಾರಿರಲಿಲ್ಲ.
ಆಮೇಲೊಂದು ದಿನ ಮೇಲಿನ ತಿರುವು ಬಂದುಬಿಟ್ಟಿತ್ತು,
ನಾನಿನ್ನೂ ಸೀಟಿನ ಮೇಲೇ ಇದ್ದೆ.
ಯಾರಿಗೆ ಹೇಳಲಿ ಅಂತ ಸುತ್ತ ನೋಡಿದೆ.
ಒಂದು ಕತ್ತೆ, ಅದರ ಮೇಲೆ ನೀರಿನ ಡ್ರಮ್ಮು.

ಪಾಪ, ಮೀಟರಿಗೆ ನಾವು ಅರ್ಥವಾಗಲಿಲ್ಲ.
ಮಂಗಳವಾರ ನೂರ ನಲವತ್ತಕ್ಕೆ ಬಡಿದ ಎದೆ
ಗುರುವಾರ ಅದೇ ಏರಿನಲ್ಲಿ ನೂರ ಎಪ್ಪತ್ತೊಂದು!
ಒಂದು ದಿನ 'ಭೇಷ್, ಕಸುವು ಹೆಚ್ಚಿದೆ' ಅನ್ನುತ್ತದೆ,
ಎರಡೇ ದಿನಕ್ಕೆ 'ದಣಿದಿದ್ದೀರಿ, ಮೂರು ದಿನ ವಿಶ್ರಾಂತಿ.'
ಆ ವಿಶ್ರಾಂತಿ ಯಾರ ಪಾಲಿಗೆ ಅಂತ
ಕಾಫಿಬೀಜ ಹುರಿಯುವಾಗ ನಮ್ಮಿಬ್ಬರ ಜಗಳ.

ಅದರಲ್ಲೊಂದು ದಾಖಲೆಯಿದೆ:
ಐವತ್ತೆರಡು ನಿಮಿಷ, ಹತ್ತು ಸೆಕೆಂಡು.
ಯಾವುದೋ ಭಾನುವಾರದ್ದು. ತಾರೀಕು ತಪ್ಪು,
ಅವನಿಗೆ ಇನ್ನೂ ಏಳು ವರ್ಷ ಹಿಂದಿನ ಲೆಕ್ಕ.
ನನ್ನದು, ಅನ್ನುತ್ತಾಳೆ ಅಕ್ಬರೆತ್.
ನನ್ನದು, ಅನ್ನುತ್ತೇನೆ ನಾನು.
ಅವತ್ತು ಗಾಳಿ ಹಿಂದಿನಿಂದಿತ್ತು ಎಂಬುದು
ಇಬ್ಬರಿಗೂ ನೆನಪಿದೆ, ಇಬ್ಬರೂ ಹೇಳುವುದಿಲ್ಲ.

ಈಗ ಅವಳಿಗೆ ಐದು ತಿಂಗಳು.
ನಾಲ್ಕೂ ದಿನ ನನಗೇ ಬಂದವು.
ಗಂಡಸು ಸುಧಾರಿಸಿದ: ಏರುಪೇರಿಲ್ಲ, ಎಚ್ಚರಿಕೆಯಿಲ್ಲ,
ಗೆರೆ ನೆಲ ಸಾರಿಸಿದ ಹಾಗೆ ಸಪಾಟು.
'ಸ್ಥಿರ' ಅಂತ ಬರುತ್ತದೆ.
ಹಾಳು ಮಾತು.
ಬೈದುಕೊಳ್ಳಲಿಕ್ಕೂ ಏನೂ ಇಲ್ಲದ ವಾರಗಳು.

ನಿನ್ನೆ ಬಂದು ನೋಡಿದರೆ ಹೊಸದೊಂದು ಸವಾರಿ.
ದೂರ: ಸೊನ್ನೆ. ಏರು: ಸೊನ್ನೆ.
ಸಮಯ: ಒಂದು ಗಂಟೆ ಇಪ್ಪತ್ತು ನಿಮಿಷ.
ಎದೆಬಡಿತ ತೊಂಬತ್ತಾರು, ನಡುವೆ ಒಮ್ಮೆ ನೂರ ಮೂವತ್ತು.
ಏನಿದು ಅಂದೆ.
ಇಂಜೆರಾ ಹುಯ್ದೆ, ಅಂದಳು, ಪಟ್ಟಿ ಕಟ್ಟಿಕೊಂಡು.
ನೂರ ಮೂವತ್ತು? ನಿನ್ನಣ್ಣನ ಹತ್ತಿರ ಜಗಳ?
ಅಲ್ಲ, ಒಳಗಿನವರು ಒದ್ದರು.
ನೋಡು, ತೂಕ ಮಾತ್ರ ಎಪ್ಪತ್ನಾಲ್ಕೇ!

ನಾಳೆ ಗುರುವಾರ, ಬೆಳಗ್ಗೆ ಐದಕ್ಕೆ ಹೊರಡಬೇಕು.
ಮೀಟರು ಆರಿಸಲು ಹೋದೆ,
ಈ ಸವಾರಿಯನ್ನು ಅಳಿಸಲೇ? ಅಂತ ಕೇಳಿತು,
ಹೌದು, ಇಲ್ಲ, ಎರಡು ಗುಂಡಿ.
ಒಲೆಯ ಕಡೆಯಿಂದ ಅವಳು ಕೂಗಿದಳು:
ಐವತ್ತೊಂದಕ್ಕೆ ಬಂದರೆ ಮಾತ್ರ
ಆ ದಾಖಲೆ ನಿನ್ನದು ಅಂತ ಒಪ್ಪುತ್ತೇನೆ.