ನಲವತ್ತೊಂಬತ್ತನೇ ಮನೆ

ಕಂಟೋನ್ಮೆಂಟಿನ ಈ ಸ್ಕೂಲಿಗೆ ಸೇರಿದ ದಿನ
ನನ್ನ ಕೈಗೆ ಕೊಟ್ಟಿದ್ದು ಎರಡೇ:
ಬೆಲ್ ಹೊಡೆಯೋ ಕಬ್ಬಿಣದ ರಾಡು,
ಪಿಯಾನೋ ಒರೆಸೋ ಮೆತ್ತನೆ ಬಟ್ಟೆ.
‘ಹೊನ್ನೂರಪ್ಪಾ, ಒದ್ದೆ ಬಟ್ಟೆ ಮುಟ್ಟಿಸಬ್ಯಾಡ’ ಅಂದಿದ್ರು ಆಗಿನ ಸಿಸ್ಟರು.
ಇಪ್ಪತ್ತಾರು ವರ್ಷ ಆಯ್ತು, ಮುಟ್ಟಿಸಿಲ್ಲ.

ಬಳ್ಳಾರಿ ಧೂಳು ನಿಮಗೆ ಗೊತ್ತಿರಬೇಕು.
ಅದಿರಿನ ಲಾರಿ ಕಡಿಮೆ ಆದ್ವು ಅಂತಾರೆ,
ಧೂಳಿಗೆ ಆ ಸುದ್ದಿ ಯಾರೂ ಹೇಳಿಲ್ಲ.
ಬೆಳಿಗ್ಗೆ ಮುಚ್ಚಳ ಎತ್ತಿದ್ರೆ ಬಿಳಿ ಮನೆಗಳ ಮೇಲೆ
ಇಟ್ಟಿಗೆ ಪುಡಿ ಜರಡಿ ಹಿಡಿದಂಗೆ.

ಮನೆ ಅಂತೀನಿ ನಾನು. ಪ್ರಮೀಳಾ ಡೇವಿಡ್ ಮಿಸ್ಸು ಕೀ ಅಂತಾರೆ.
ನಮ್ಮಪ್ಪ ದೊಡ್ಡಾಟಕ್ಕೆ ಪೇಟಿ ಬಾರಿಸ್ತಿದ್ದ,
ಅವನಿಗೆ ಬಿಳಿ ಮೂರು, ಕರಿ ನಾಕು, ಎಲ್ಲಾ ಮನೆನೇ.
ಇದರಾಗೆ ಎಡದಿಂದ ಎಣಿಸಿದ್ರೆ ನಲವತ್ತೊಂಬತ್ತನೇ ಮನೆ
ಯಾವ ಬೇಸಿಗೆಯಾಗೋ ಖಾಲಿ ಆಗಿತ್ತು.
ಒತ್ತಿದ್ರೆ ಟಕ್. ಮರದ ಸದ್ದು ಅಷ್ಟೇ.
ಊರು ಬಿಟ್ಟೋರ ಬಾಗಿಲು ತಟ್ಟಿದಂಗೆ.

ಹಾಜರಿಯಾಗೆ ಹುಲಿಗೆಮ್ಮ, ಆರನೇ ಕ್ಲಾಸು, ಬಿ ಸೆಕ್ಷನ್.
ಹುಡುಗ್ರು ಹುಲಿ ಅಂತ ಕೂಗಿದ್ರೂ ತಿರುಗಿ ನೋಡ್ತಾಳೆ, ಸಿಟ್ಟಿಲ್ಲ.
ಅವರಪ್ಪಂದು ಜೀನ್ಸ್ ಫ್ಯಾಕ್ಟರಿ, ಗುಂಡಿ ಹೊಡೆಯೋ ಮಿಷನ್ನು.
ಮನೆಯಾಗೆ ಅವ್ವ ಮಗಳು ಪ್ಯಾಂಟಿನ ದಾರ ಕತ್ತರಿಸ್ತಾರೆ,
ಡಜನ್ನಿಗೆ ಇಷ್ಟು ಅಂತ. ಅದಕ್ಕೇ ಬೆರಳ ತುದಿ ನೀಲಿ.
ಬೆಳಿಗ್ಗೆ ಕೆಂಪು ಒರೆಸ್ತೀನಿ, ಮಧ್ಯಾಹ್ನ ನೀಲಿ.

ಊಟದ ಬಿಡುವು ನಲವತ್ತು ನಿಮಿಷ.
ಐದರಾಗೆ ಉಂಡು ಓಡಿ ಬರ್ತಾಳೆ.
ಬೆಲ್ಲು ಎರಡು ನಿಮಿಷ ತಡ ಆದ್ರೆ
ಯಾರು ಕೇಳ್ತಾರೆ ನನ್ನ?
ಒಂದೇ ಪಾಠ, ಜೂನಿಂದ ಜನವರಿ ತನಕ,
ಖಾಲಿ ಮನೆ ಬಂದಾಗ ಅಲ್ಲೂ ಬೆರಳಿಟ್ಟು, ಟಕ್, ಮುಂದಕ್ಕೆ.
ನನಗೂ ಬಾಯಿಪಾಠ ಆಗಿತ್ತು.
ರಾತ್ರಿ ಗುನುಗಿದ್ರೆ ನಮ್ಮಾಕೆ ಕೇಳ್ತಿದ್ಲು,
‘ಹಾಡು ಸರಿ, ನಡುವೆ ಯಾಕೆ ಹಲ್ಲಿ?’

ಸ್ಪರ್ಧೆ ಹಿಂದಿನ ದಿನ ಎಂಟು ಮಂದಿ ಹೊತ್ತು
ಪಿಯಾನೋನ ಹಾಲಿಗೆ ತಂದಿಟ್ವಿ.
ಸಿಕಂದರಾಬಾದಿಂದ ಫ್ರಾನ್ಸಿಸ್ ಮಾಸ್ತರು ಬಂದು
ಅದರ ಹೊಟ್ಟೆ ಬಿಚ್ಚಿದ್ರು.
ಒಳಗೆ ಇಲಿಗೂಡು, ಯಾವುದೋ ಕಾಲದ ಹಾಲ್ ಟಿಕೆಟ್ಟಿನ ಚೂರು,
ಸಾಲಾಗಿ ಸುತ್ತಿಗೆಗಳು, ಒಂದರ ಕತ್ತು ಮುರಿದಿತ್ತು.
ಎರಡು ತಾಸು ಕುಂತು ಕತ್ತು ಕೂಡಿಸಿದ್ರು, ಟೀ ಕುಡಿದ್ರು, ಹೋದ್ರು.
ಹುಡುಗಿಗೆ ಯಾರೂ ಹೇಳಲಿಲ್ಲ.
ನನಗೂ ತೋಚಲಿಲ್ಲ. ಮುನ್ನೂರು ಕುರ್ಚಿ ಹಾಕಬೇಕಿತ್ತು.

ಹನ್ನೊಂದನೇ ನಂಬರು ಅವಳದ್ದು.
ಮುಂಚಿನ ಡಾಕ್ಟರ ಮಗ ನಲ್ಲಿ ಬಿಟ್ಟಂಗೆ ಬಾರಿಸಿ ಹೋಗಿದ್ದ.
ಇವಳು ಕುಂತಳು. ಶುರು ಮಾಡಿದಳು.
ಬಾಗಿಲ ಹತ್ರ ನಾನು ಬಾಯೊಳಗೇ ಜತೆಗಿದ್ದೆ.
ಆ ಮನೆ ಬಂತು, ಬೆರಳಿಟ್ಟಳು,

ಒಳಗಿಂದ ಯಾರೋ ಓಗೊಟ್ಟರು.

ಸುಟ್ಟಂಗೆ ಕೈ ಹಿಂದಕ್ಕೆಳೆದುಕೊಂಡಳು.
ಹಾಲಿನಾಗೆ ಫ್ಯಾನಿನ ಸದ್ದು.
ತೀರ್ಪುಗಾರರ ಪೆನ್ನು ಎದ್ದಿತು. ಮಿಸ್ಸು ಕಣ್ಣು ಮುಚ್ಚಿದ್ರು.
ಇನ್ನೊಂದು ಸಲ ಒತ್ತಿದಳು, ಮೆಲ್ಲಗೆ.
ಇತ್ತು.
ಮತ್ತೊಂದು ಸಲ.
ಬಗ್ಗಿ, ಕಿವಿ ಹತ್ರ ಇಟ್ಟು.
ಆಮೇಲೆ ಬಿಟ್ಟ ಕಡೆಯಿಂದ ಬಾರಿಸಿದಳು, ಮುಗಿಸಿದಳು,
ಆ ಮನೆ ಬಂದಾಗಲೆಲ್ಲ ಒಂಚೂರು ನಿಂತು,
ಕುಶಲ ಕೇಳಿ ಹೋದಂಗೆ.

ಮೊದಲನೇ ಬಹುಮಾನ ಡಾಕ್ಟರ ಮಗನಿಗೆ.
ಇವಳಿಗೆ ಸಮಾಧಾನಕರವೂ ಇಲ್ಲ. ಲಯ ತಪ್ಪಿತು ಅಂದ್ರು.
ತಪ್ಪಿದ್ದು ಖರೆ, ನಾನೂ ಕೇಳಿದೀನಿ.

ಸಂಜೆ ಮತ್ತೆ ಎಂಟು ಮಂದಿ.
ಅವಳು ಸ್ಟೂಲು ಹೊತ್ತು ಹಿಂದೆ ಬಂದಳು.
‘ಮಾಮಾ, ಅದು ಮೊದಲಿಂದಾನೂ ಒಳಗೇ ಇತ್ತಾ?’
‘ಹೊಸ್ತಿಲು ಐತೆ, ನೋಡ್ಕೊಂಡು ಬಾ’ ಅಂದೆ.
ಬೇರೆ ಏನು ಹೇಳಬೇಕೋ ತಿಳೀಲಿಲ್ಲ.

ರೈಲ್ವೆ ಗೇಟು ಬಿದ್ದಿತ್ತು. ಸೈಕಲ್ ಹಿಡಿದು ನಿಂತು
ಗೂಡ್ಸು ಹೋಗೋ ತನಕ ಗುನುಗಿದೆ.
ಆ ಜಾಗ ಬಂತು.
ಟಕ್ ಅಂದೆ.