ಲಿಂಬೆಯ ಲೆಕ್ಕ

ಬಜ್ಪೆಯಿಂದ ಹುಬ್ಬಳ್ಳಿಗೆ ಆಕಾಶದಲ್ಲಿ ಒಂದೇ ಗಂಟೆ.
ತೊಕ್ಕೊಟ್ಟಿನಿಂದ ಬಜ್ಪೆಗೆ ನನ್ನ ರಿಕ್ಷಾದಲ್ಲಿ
ಒಂದೂಮುಕ್ಕಾಲು, ಪಂಪ್‌ವೆಲ್ಲಿನ ದಯೆ ಇದ್ದರೆ.

ಬಸ್ಸಿನ ಕಾಲದಲ್ಲಿ ಉಮ್ಮ ನಾಲ್ಕು ಲಿಂಬೆ ಕಟ್ಟುತ್ತಿದ್ದರು,
ಅರಬೈಲು ಘಾಟಿಯಲ್ಲಿ ಮೂಸಲು.
ಯಲ್ಲಾಪುರ ಬರುವಷ್ಟರಲ್ಲಿ
ತಂಗಿ ಝೊಹರಾಳ ಉಗುರು ತಾಗಿ ತಾಗಿ
ಸಿಪ್ಪೆಯೆಲ್ಲ ಗಾಯ.

ಈ ಸಲ ಒಂದೇ ಕೊಟ್ಟರು:
“ಗಂಟೆಗೆ ಒಂದು ಸಾಕು.”

ವಿಮಾನ ಗುಡ್ಡದ ಅಂಚು ಬಿಟ್ಟು
ಮೋಡ ಹೊಗುವವರೆಗೆ ಬೇಲಿ ಹಿಡಿದು ನಿಂತಿದ್ದೆ.
ಬಾಡಿಗೆ ಹಿಡಿಯದೆ ಹೊರಟವ
ಪಂಪ್‌ವೆಲ್ಲಿನಲ್ಲಿ ಎರಡು ಬಸ್ಸುಗಳ ನಡುವೆ ಸಿಕ್ಕಿಕೊಂಡಾಗ ಫೋನು:
“ಇಳಿದೆ. ನೀನು ಮನೆ ಮುಟ್ಟಿದೆಯಾ?”

ಲಿಂಬೆ ಏನಾಯಿತು, ಉಮ್ಮ ಕೇಳಲು ಹೇಳಿದ್ದರು.
“ಹಾಗೇ ಉಂಟು. ಮೂಸಲು ಪುರುಸೊತ್ತೇ ಸಿಗಲಿಲ್ಲ”
ಎಂದು ನಕ್ಕಳು.
ನಕ್ಕರೂ ಅವಳ ದನಿ ಯಾಕೋ
ಘಾಟಿಯ ತಿರುವಿನಲ್ಲಿ ಇದ್ದ ಹಾಗಿತ್ತು.