ನಡುವಿನ ಬೆಲೆಯದು

ಕಿಸುಮುವಿನ ಬಸ್ ನಿಲ್ದಾಣದ ಹಿಂದೆ
ಟೈರು ಮಾರುವವನಿಗೂ ಹಲ್ಲು ಕಟ್ಟುವವನಿಗೂ ನಡುವೆ
ಸಿಕ್ಕಿಕೊಂಡಿದೆ ನನ್ನ ಅಂಗಡಿ.
ಇಪ್ಪತ್ತಾರು ವರ್ಷ ಪಾಸ್‌ಪೋರ್ಟಿನ ಮುಖ ತೆಗೆದೆ,
ಒಬ್ಬರನ್ನೂ ನಗಲು ಬಿಡಲಿಲ್ಲ.
ಈಗ ಹಳೆಯ ಕ್ಯಾಮೆರಾ ಮಾರುತ್ತೇನೆ,
ಕೆಲವು ಹೊಸವೂ ಉಂಟು.

ಮಂಗಳವಾರ ಬಂದಳು ಅವೂರ್,
ಮೊಬೈಲ್ ಹಣದ ಗೂಡಂಗಡಿಯಲ್ಲಿ ಕೂರುವವಳು,
ಊರಿನವರ ದುಡ್ಡೆಲ್ಲ ಬೆರಳ ತುದಿಯಲ್ಲಿ ದಾಟಿಸಿ
ತನ್ನದನ್ನು ಎರಡು ವರ್ಷ ದಾಟಗೊಡದೆ ಹಿಡಿದವಳು.
"ಅರವತ್ತು ಸಾವಿರ ಶಿಲಿಂಗ್, ಒಕುಮು ತಾತ,
ಅರವತ್ತೊಂದು ಕೇಳಬೇಡಿ."

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ.
ಹಾಸಿಗೆಯ ಅಳತೆ ಗೊತ್ತಾಯಿತು.
ಕಾಲು ಇನ್ನೂ ಬೆಳೆಯುತ್ತಿದ್ದರೆ?

ಮೂರನ್ನು ಗಾಜಿನ ಮೇಲೆ ಇಟ್ಟೆ.
ಒಂದು, ಆಟಿಕೆಯ ತಮ್ಮ:
ಮದುವೆಯ ಕೇಕು, ಮಗುವಿನ ಹಲ್ಲು, ಅಷ್ಟಕ್ಕೆ ಸಾಕು.
ಇನ್ನೊಂದು ಕೋಣನಂಥದು,
ಅದರ ಮುಚ್ಚಳಕ್ಕೇ ಒಂದು ತಿಂಗಳ ಬಾಡಿಗೆ.
ಕೊಂಡವರು ಅದನ್ನು ಕಾಯುತ್ತಾ ಕೂರುತ್ತಾರೆ,
ಮಳೆ ಬಂದರೆ ತಾವು ನೆನೆದು ಅದಕ್ಕೆ ಕೊಡೆ ಹಿಡಿಯುತ್ತಾರೆ.
ನಡುವಿನದು ನಡುವಿನದೇ.
ಹಿಡಿಯ ರಬ್ಬರು ಯಾರದೋ ಹೆಬ್ಬೆರಳಿಗೆ ಸವೆದದ್ದು,
ಹೇಳಿಕೊಳ್ಳುವಂಥದ್ದೇನಿಲ್ಲ.

ಅವಳು ಅಂಕಿ ಕೇಳಿದಳು. ಎಷ್ಟು ಮೆಗಾಪಿಕ್ಸೆಲ್,
ಎಷ್ಟು ಐಎಸ್ಒ, ಸೆಕೆಂಡಿಗೆ ಎಷ್ಟು.
ಚೀಟಿಯಲ್ಲಿ ಬರೆದು ತಂದಿದ್ದಳು, ಪಾಪ,
ದಿನಸಿಗೆ ಬಂದವಳ ಹಾಗೆ.
ಹೇಳಿದೆ. ಹೇಳುತ್ತಲೇ ಕೇಳಿದೆ:
ಏನು ತೆಗೆಯುತ್ತೀ?

"ರಾತ್ರಿ," ಅಂದಳು.

ಅಣ್ಣ ಒಮೆನಾ ಮೀನಿಗೆ ಹೋಗುತ್ತಾನಂತೆ,
ಚಂದ್ರನಿಲ್ಲದ ದಿನ ನೋಡಿ,
ದೋಣಿಯ ಪಕ್ಕ ದೀಪ ತೇಲಿಬಿಟ್ಟು.
ದಡದಿಂದ ನೋಡಿದರೆ ಸರೋವರದ ಮೇಲೆ
ಒಂದು ಪಟ್ಟಣ ಎದ್ದಂತೆ; ಬೆಳಗಾದರೆ ಇಲ್ಲ.
ಫೋನಿನಲ್ಲಿ ತೆಗೆದದ್ದು ತೋರಿಸಿದಳು:
ದೀಪ ಬಂದಿತ್ತು, ನೀರಿನ ಹೊಳಪು ಬಂದಿತ್ತು,
ಬಲೆ ಎಳೆವ ಅಣ್ಣ ಇರಬೇಕಾದಲ್ಲಿ
ಒಂದು ತೂತು.

ಆ ತೂತು ನನಗೆ ಗೊತ್ತು.
ನನ್ನ ಮೊದಲ ಯಂತ್ರಕ್ಕೂ ನಮ್ಮ ಮೈ ಅರ್ಥವಾಗಿರಲಿಲ್ಲ,
ಒಂದೋ ಮಸಿ, ಇಲ್ಲವೇ ಬೂದಿ.
ಬೆಳಕಳೆಯುವ ಮುಳ್ಳು ಯಾರ ಕೆನ್ನೆ ನೋಡಿ ಕಲಿತಿತ್ತೋ.
ನನ್ನ ತಾಯಿಯ ಗುರುತಿನ ಚೀಟಿಯಲ್ಲಿ
ತಾಯಿಯ ಹೊರತು ಎಲ್ಲ ಇತ್ತು:
ಕೊರಳ ಪಟ್ಟಿ, ಕಿವಿಯ ಓಲೆ, ಸರ್ಕಾರದ ಮುದ್ರೆ.
ತೆಗೆದವನು ನಾನೇ.

ಶಟರು ಎಳೆದೆ. ದೀಪ ಆರಿಸಿದೆ.
ರೀಲು ತೊಳೆಯುತ್ತಿದ್ದ ಮೂಲೆಗೆ ಸ್ಟೂಲು ಹಾಕಿ ಕೂತೆ.
ಶಟರಿನ ಕೆಳಗೊಂದು ಎಳೆ ಬೆಳಕು, ಅಷ್ಟೇ.
ಮೂರರಲ್ಲೂ ನನ್ನನ್ನು ತೆಗೆ, ಅಂದೆ,
ಅಂಕಿ ಬಿಡು, ನನ್ನ ನೋಡು.

ಮೊದಲನೆಯದರಲ್ಲಿ ನಾನು ಬರೀ ಹಲ್ಲು.
ನಗುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ.
ಕೋಣ ನನ್ನನ್ನು ಹಗಲು ಮಾಡಿಬಿಟ್ಟಿತು,
ಗೋಡೆಯ ಜೇಡವೂ ಬಿದ್ದಿತ್ತು,
ರಾತ್ರಿಯೇ ಕಳೆದುಹೋಗಿತ್ತು.
ನಡುವಿನದು ಮುಖ ಹುಡುಕಲು ತಡವರಿಸಿತು,
ಮುದುಕರ ಮೊಣಕಾಲಿನಂತೆ ಕಿಟಿಕಿಟಿ ಅಂದಿತು,
ಆಮೇಲೆ ಸಿಕ್ಕಿತು:
ಹಣೆಯಲ್ಲಿ ಎಣ್ಣೆಗಪ್ಪು, ಕೆನ್ನೆಯ ಗುಳಿಯಲ್ಲಿ ನೇರಳೆ,
ಕತ್ತಿನ ಹತ್ತಿರ ಒದ್ದೆ ಮಣ್ಣು.
ಒಂದೇ ಕಪ್ಪು ಎಂದುಕೊಂಡಿದ್ದರೊಳಗೆ
ಇಷ್ಟು ಜನ ವಾಸವಿದ್ದರು.
ಸ್ವಲ್ಪ ಮರಳು ಮರಳಾಗಿತ್ತು, ನಿಜ.
"ಇರಲಿ," ಅಂದಳು, "ದಡದಲ್ಲಿ ಇನ್ನೇನಿರುತ್ತೆ?"

ಅರವತ್ತೆಂಟು ಎಂದು ಚೀಟಿ ಅಂಟಿಸಿದ್ದೆ.
ಕತ್ತಲಲ್ಲೇ ಉಗುರಿನಿಂದ ಕೆರೆದೆ.
ಹಣ ಟಿಣ್ ಎಂದು ಬಂತು ನನ್ನ ಫೋನಿಗೆ,
ಅರವತ್ತು, ಕಾಸೂ ಹೆಚ್ಚಿಲ್ಲ.
ಎರಡನೆಯ ಬ್ಯಾಟರಿ ಕೊಟ್ಟೆ, ಕತ್ತಲೆಗೆ ಹಸಿವು ಜಾಸ್ತಿ.

ಅವೂರ್ ಎಂದರೆ ನಮ್ಮಲ್ಲಿ ನಡುರಾತ್ರಿ ಹುಟ್ಟಿದವಳು.
ಹೆಸರಿಟ್ಟವರು ಲೆನ್ಸಿನ ಯೋಚನೆ ಮಾಡಿರಲಾರರು.

ಅವಳು ಹೋದ ಮೇಲೂ ದೀಪ ಹಾಕಲಿಲ್ಲ.
ಟೈರಿನವನು ಅರ್ಧ ಶಟರು ಬಡಿದ:
ಸತ್ತೆಯೇನೋ ಮುದುಕಾ?
ಇಲ್ಲ, ಅಂದೆ ಮೂಲೆಯಿಂದ,
ಈಗಷ್ಟೇ ಬಂದೆ.